ಒಳಗೆ ಹೋಗೋದು ಸುಲಭ, ಹೊರಗೆ ಬರೋದು?

ವಾಮಂಜೂರಿನಲ್ಲಿ ಬಸ್ಸಿಗೆ ಕಾಯುವಷ್ಟು ಹೊತ್ತಿನಲ್ಲೇ ಹೊಸ ಆ್ಯಪ್‌ಗೆ ಸೇರಿಬಿಡ್ತೇವೆ, ಅಲ್ವಾ?

2023ರ ಜುಲೈಯಲ್ಲಿ ಮೆಟಾದ ಥ್ರೆಡ್ಸ್ ಬಂತು. ಇನ್‌ಸ್ಟಾಗ್ರಾಮ್ ಖಾತೆ ಇದ್ದರೆ ಸಾಕು, ಕ್ಷಣದಲ್ಲಿ ಒಳಗೆ. ಆದರೆ ಆರಂಭದಲ್ಲಿ ಥ್ರೆಡ್ಸ್ ಖಾತೆ ಅಳಿಸಬೇಕಾದರೆ ಇನ್‌ಸ್ಟಾಗ್ರಾಮನ್ನೂ ಕಳೆದುಕೊಳ್ಳಬೇಕಿತ್ತು ಮಾರಾಯ್ರೆ! ಅದು ಸಂಗ್ರಹಿಸಬಹುದಾದ ಮಾಹಿತಿಯ ಪಟ್ಟಿಯಲ್ಲಿ ಆರೋಗ್ಯ, ಹಣಕಾಸು, ಲೊಕೇಶನ್ ಎಲ್ಲವೂ ಇದ್ದವು. ಕಾನೂನು ಬಿಗಿಯಾಗಿರುವ ಯುರೋಪಿಯನ್ ಒಕ್ಕೂಟಕ್ಕೆ ಅದು ಹೋದದ್ದು ಡಿಸೆಂಬರ್‌ನಲ್ಲಿ. ನಮಗೆ ಮೊದಲೇ ಸಿಕ್ಕಿತ್ತು.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕೇನೋ ಇದೆ, ಒತ್ತುವ ಬೆರಳು ನಮ್ಮದು. ಸೇರುವ ಮೊದಲು ಖಾತೆ ಅಳಿಸುವ ದಾರಿ ಎಲ್ಲಿದೆ ಅಂತ ಒಮ್ಮೆ ನೋಡಿ.