ಆರು ಪದಕ, ಆರು ಹೆಣ್ಣುಮಕ್ಕಳು

(ನಮ್ಮ ವಾರ್ಷಿಕ ಕ್ರೀಡಾಕೂಟದ ಮುನ್ನಾದಿನ, ಗುರುವಾರ ಸಂಜೆ ಆಡಿದ ಮಾತುಗಳ ಬರಹ ರೂಪ)

ಹತ್ತು ನಿಮಿಷ ಮಾತಾಡಿ ಅಂತ ಕ್ರೀಡಾ ಕಾರ್ಯದರ್ಶಿಗಳು ಹೇಳಿದ್ದಾರೆ. ಊಟದ ಪಾತ್ರೆಗಳು ಆಗಲೇ ಬಂದಿವೆ, ನನಗೂ ಹಸಿವಿದೆ. ಹಾಗಾಗಿ ನೇರ ವಿಷಯಕ್ಕೆ ಬರ್ತೇನೆ.

ನಾನು ಓಟಗಾರ ಅಲ್ಲ. ಒಂದು ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ಟೈಮ್‌ಕೀಪರ್. ಯಾರು ಎಷ್ಟು ಗಂಟೆಗೆ ಬಂದರು, ಓಟಿ ಎಷ್ಟಾಯಿತು ಅಂತ ಬರೆದಿಡುವವನು. ಬೇರೆಯವರ ಬೆವರಿನ ಲೆಕ್ಕ ಇಡುವುದೇ ನನ್ನ ಉದ್ಯೋಗ. ಇವತ್ತು ನಾವು ಬದುಕುತ್ತಿರುವ ಈ ಬಹರೈನ್ ದೇಶದ ಓಟದ ಲೆಕ್ಕ ಹೇಳ್ತೇನೆ.

ಒಲಿಂಪಿಕ್ಸ್‌ನ ಅಥ್ಲೆಟಿಕ್ಸ್‌ನಲ್ಲಿ ಬಹರೈನಿಗೆ ಎಷ್ಟು ಪದಕ ಬಂದಿದೆ ಗೊತ್ತಾ? ಆರು. ಮೂರು ಚಿನ್ನ, ಮೂರು ಬೆಳ್ಳಿ. ಸ್ವತಂತ್ರ ಭಾರತಕ್ಕೆ ಎರಡು, ಎರಡೂ ನೀರಜ್ ಚೋಪ್ರಾ ಒಬ್ಬರದೇ. ನಮ್ಮದು 140 ಕೋಟಿ ಜನರ ದೇಶ. ಇದು ಹೆಚ್ಚುಕಮ್ಮಿ ಬೆಂಗಳೂರು ನಗರದಷ್ಟೇ ಅಗಲದ ದ್ವೀಪ, ಜನ ಸುಮಾರು 15 ಲಕ್ಷ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ನಮ್ಮ ಹಾಗೆ ಹೊರಗಿನಿಂದ ಬಂದವರು.

ಈಗ ಇನ್ನೊಂದು ಲೆಕ್ಕ ಕೇಳಿ. ಆ ಆರು ಪದಕಗಳನ್ನೂ ತಂದವರು ಹೆಂಗಸರು. ಆರು ಪದಕಕ್ಕೆ ಆರು ಬೇರೆ ಬೇರೆ ಹೆಂಗಸರು. ಆರೂ ಜನ ಹುಟ್ಟಿದ್ದು ಆಫ್ರಿಕಾದಲ್ಲಿ: ಕೀನ್ಯಾದವರು ಮೂವರು, ಇಥಿಯೋಪಿಯಾದವರು ಇಬ್ಬರು, ನೈಜೀರಿಯಾದವರು ಒಬ್ಬರು. ಗಂಡಸೊಬ್ಬರು ಚಿನ್ನ ಗೆದ್ದದ್ದೂ ಉಂಟು. ಮೊರಾಕ್ಕೊದಿಂದ ಬಂದ ರಶೀದ್ ರಮ್ಜಿ, 2008ರ ಬೀಜಿಂಗ್‌ನ 1500 ಮೀಟರ್ ಓಟದಲ್ಲಿ. ಆಮೇಲೆ ಮಾದರಿಯನ್ನು ಮತ್ತೆ ಪರೀಕ್ಷಿಸಿದಾಗ ಉದ್ದೀಪನ ಮದ್ದು ಸಿಕ್ಕಿತು, ಪದಕ ವಾಪಸ್ ಹೋಯಿತು. ಹಾಗಾಗಿ ಲೆಕ್ಕದ ಪುಸ್ತಕದಲ್ಲಿ ಈಗ ಉಳಿದಿರುವುದು ಹೆಂಗಸರ ಹೆಸರು ಮಾತ್ರ.

ಕೀನ್ಯಾ, ಇಥಿಯೋಪಿಯಾದ ಹೆಣ್ಣುಮಕ್ಕಳು ಅಂದಾಗ ಇಲ್ಲಿರುವ ನಮಗೆ ಮೊದಲು ಕಣ್ಣಿಗೆ ಬರುವುದು ಯಾರು? ಸ್ಟೇಡಿಯಂನಲ್ಲಿ ಓಡುವವರಲ್ಲ. ವಿಲ್ಲಾಗಳಲ್ಲಿ ಮನೆಗೆಲಸ ಮಾಡುವವರು, ಮಾಲ್‌ಗಳಲ್ಲಿ ಟ್ರಾಲಿ ತಳ್ಳುತ್ತಾ ನೆಲ ಒರೆಸುವವರು, ಶುಕ್ರವಾರ ಎಕ್ಸ್‌ಚೇಂಜ್ ಕಂಪನಿಯ ಸಾಲಿನಲ್ಲಿ ನಮ್ಮ ಹಿಂದೆ ನಿಂತು ಊರಿಗೆ ದುಡ್ಡು ಕಳಿಸುವವರು. ಅದೇ ಊರುಗಳಿಂದ ಬಂದ ಇನ್ನೊಂದು ಬಗೆಯ ಕೆಲಸಗಾರ್ತಿಯರು ಈ ಓಟಗಾರ್ತಿಯರು. ಹಾಗೆ ನೋಡಿದರೆ ಮಾತ್ರ ಈ ದೇಶದ ಪದಕಗಳ ಕಥೆ ನಮಗೆ ಅರ್ಥ ಆಗ್ತದೆ ಅಂತ ನನ್ನ ಅಭಿಪ್ರಾಯ.

ಮರಿಯಂ ಯೂಸುಫ್ ಜಮಾಲ್ ಅವರನ್ನೇ ತೆಗೆದುಕೊಳ್ಳಿ. ಇಥಿಯೋಪಿಯಾದಲ್ಲಿ ಹುಟ್ಟಿದಾಗ ಅವರ ಹೆಸರು ಜೆನೆಬೆಚ್ ತೋಲಾ. ಊರು ಬಿಟ್ಟು ಸ್ವಿಟ್ಜರ್ಲೆಂಡಿಗೆ ಹೋಗಿ ಆಶ್ರಯ ಕೇಳಿದರು. ಅರ್ಜಿ ತಿರಸ್ಕಾರವಾಯಿತು. ಕಾಗದಪತ್ರ ಇಲ್ಲದ ಓಟಗಾರ್ತಿ ಎಷ್ಟು ಜೋರಾಗಿ ಓಡಿದರೂ ಯಾವ ದೇಶದ ಹೆಸರಿನಲ್ಲಿ ಓಡಬೇಕು? ಕಡೆಗೆ ಕಾಗದ ಕೊಟ್ಟದ್ದು ಬಹರೈನ್. 2007ರಲ್ಲಿ ಒಸಾಕಾದಲ್ಲಿ, 2009ರಲ್ಲಿ ಬರ್ಲಿನ್‌ನಲ್ಲಿ, ಎರಡು ಸಲ ಅವರು 1500 ಮೀಟರ್ ಓಟದ ವಿಶ್ವ ಚಾಂಪಿಯನ್ ಆದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೂರನೆಯವರಾಗಿ ಗುರಿ ಮುಟ್ಟಿ ಕಂಚು ಕೊರಳಿಗೆ ಹಾಕಿಸಿಕೊಂಡರು. ಅವರ ಮುಂದಿದ್ದ ಇಬ್ಬರೂ ಟರ್ಕಿಯವರು, ಇಬ್ಬರೂ ವರ್ಷಗಳ ನಂತರ ಮದ್ದಿನ ಪ್ರಕರಣದಲ್ಲಿ ಅನರ್ಹರಾದರು. ಕಂಚು ಚಿನ್ನವಾಯಿತು. ಆದರೆ ಆ ರಾತ್ರಿ ಸ್ಟೇಡಿಯಂನಲ್ಲಿ ಬಹರೈನಿನ ರಾಷ್ಟ್ರಗೀತೆ ಮೊಳಗಲಿಲ್ಲ. ಅರಿಯರ್ಸ್ ಹಣ ಕೈಗೆ ಬರುವಾಗ ಯಾವ ಖರ್ಚಿಗೆ ಬೇಕಿತ್ತೋ ಆ ಖರ್ಚೇ ಮುಗಿದು ಹೋಗಿರ್ತದಲ್ಲ, ಹಾಗೆ.

ಎಲ್ಲರ ಎದುರು, ಆಗಿನದ್ದು ಆಗಲೇ ಅಂತ ಚಿನ್ನ ಗೆದ್ದದ್ದು ರೂತ್ ಜೆಬೆಟ್. 2016, ರಿಯೊ, 3000 ಮೀಟರ್ ಸ್ಟೀಪಲ್‌ಚೇಸ್. ಈ ಓಟ ನೋಡದವರಿಗೆ ಹೇಳ್ತೇನೆ: ಏಳೂವರೆ ಸುತ್ತು, 28 ಸಲ ಅಡ್ಡ ಮರದ ತೊಲೆ ದಾಟಬೇಕು, 7 ಸಲ ತೊಲೆ ದಾಟಿ ನೀರಿನ ಗುಂಡಿಗೆ ಹಾರಬೇಕು. ಕಂಬಳ ನೋಡಿ ಬೆಳೆದ ನಮ್ಮ ಕರಾವಳಿಯವರಿಗೆ ನೀರು ಚಿಮ್ಮುವ ಈ ಓಟ ಖಂಡಿತ ಇಷ್ಟ ಆಗ್ತದೆ. ಜೆಬೆಟ್‌ಗೆ ಆಗ 19 ವರ್ಷ. ಕೀನ್ಯಾದಲ್ಲಿ ಹುಟ್ಟಿದ ಹುಡುಗಿ, ಕೀನ್ಯಾದವರ ಸ್ವಂತ ಅಂತಲೇ ಹೇಳುವ ಓಟದಲ್ಲಿ, ಕೀನ್ಯಾದ ಓಟಗಾರ್ತಿಯನ್ನು ಎರಡನೇ ಸ್ಥಾನಕ್ಕೆ ತಳ್ಳಿ ಬಹರೈನಿಗೆ ಚಿನ್ನ ತಂದಳು. ಅದೇ ತಿಂಗಳು ಪ್ಯಾರಿಸ್‌ನಲ್ಲಿ 8 ನಿಮಿಷ 52.78 ಸೆಕೆಂಡ್‌ಗಳ ವಿಶ್ವದಾಖಲೆ. ಆಮೇಲೆ ಏನಾಯಿತು? ಇಪಿಒ ಎಂಬ ಮದ್ದು ಸಿಕ್ಕಿ ನಾಲ್ಕು ವರ್ಷ ನಿಷೇಧ. ರಿಯೊದಲ್ಲೇ ಮ್ಯಾರಥಾನ್ ಬೆಳ್ಳಿ ಗೆದ್ದ ಯೂನಿಸ್ ಕಿರ್ವಾ ಅವರಿಗೂ ಕೆಲವು ವರ್ಷಗಳ ಮೇಲೆ ಅದೇ ಮದ್ದು, ಅದೇ ನಾಲ್ಕು ವರ್ಷ. ರಿಯೊ ಪದಕಗಳು ಇಬ್ಬರಲ್ಲೂ ಉಳಿದಿವೆ.

ಇಲ್ಲಿ ಸ್ವಲ್ಪ ನಿಲ್ತೇನೆ. ಮದ್ದು ತೆಗೆದುಕೊಂಡದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹದಿಹರೆಯದಲ್ಲಿ ಪರದೇಶದ ಬಣ್ಣ ತೊಟ್ಟು ಓಡುವ ಹುಡುಗಿಯ ಸುತ್ತ ಏಜೆಂಟ್ ಇರ್ತಾನೆ, ಕೋಚ್ ಇರ್ತಾನೆ, ಮ್ಯಾನೇಜರ್ ಇರ್ತಾನೆ. ಸಿಕ್ಕಿಬಿದ್ದ ದಿನ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬರುವುದು ಅವಳೊಬ್ಬಳ ಹೆಸರು. ಸೈಟಿನಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ವಾರ್ನಿಂಗ್ ಲೆಟರ್ ಯಾರ ಹೆಸರಿಗೆ ಬರ್ತದೆ ಅಂತ ಇಲ್ಲಿ ಕೂತವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸಲ್ವಾ ಈದ್ ನಾಸರ್ ಕಥೆಯಂತೂ ನಮ್ಮ ಬಹರೈನಿನ ಓಣಿಯ ಕಥೆ. ನೈಜೀರಿಯಾದ ಒನಿಟ್ಶಾದಲ್ಲಿ ಹುಟ್ಟಿದವರು. 2019ರ ಅಕ್ಟೋಬರ್‌ನಲ್ಲಿ, ಇಲ್ಲೇ ಪಕ್ಕದ ದೋಹಾದಲ್ಲಿ, ವಿಶ್ವ ಚಾಂಪಿಯನ್‌ಶಿಪ್‌ನ 400 ಮೀಟರ್ ಓಟವನ್ನು 48.14 ಸೆಕೆಂಡಿನಲ್ಲಿ ಗೆದ್ದರು. 1985ರ ನಂತರ ಯಾವ ಹೆಂಗಸೂ ಅಷ್ಟು ಬೇಗ ಓಡಿರಲಿಲ್ಲ. ಅಷ್ಟರಲ್ಲಿ ಬಂತು ಇನ್ನೊಂದು ತಕರಾರು. ದೊಡ್ಡ ಓಟಗಾರರು ಪ್ರತಿದಿನ ತಾವು ಎಲ್ಲಿರ್ತೇವೆ ಅಂತ ಮೊದಲೇ ತಿಳಿಸಬೇಕು, ಪರೀಕ್ಷೆಯವರು ಯಾವಾಗ ಬೇಕಾದರೂ ಬಂದು ಬಾಗಿಲು ತಟ್ಟಬಹುದು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಮದ್ದು ತೆಗೆದುಕೊಂಡಷ್ಟೇ ಅಪರಾಧ. ಒಂದು ಸಲ ಪರೀಕ್ಷಕರು ವಿಳಾಸ ಹುಡುಕಿ ಬಂದು ಗ್ಯಾಸ್ ಸಿಲಿಂಡರ್ ಇಡುವ ಕೋಣೆಯ ಬಾಗಿಲು ತಟ್ಟಿದರಂತೆ! ಫ್ಲ್ಯಾಟ್ ನಂಬರ್, ಬಿಲ್ಡಿಂಗ್ ನಂಬರ್, ರೋಡ್ ನಂಬರ್, ಬ್ಲಾಕ್ ನಂಬರ್ ನಾಲ್ಕೂ ಹೇಳಿದರೂ ಹೋಟೆಲಿನ ಡೆಲಿವರಿ ಹುಡುಗ ನಮಗೆ ಮೂರು ಸಲ ಫೋನ್ ಮಾಡ್ತಾನಲ್ಲ ಮಾರಾಯ್ರೆ, ನನಗೆ ಅದೇ ನೆನಪಾಯಿತು. ಮೊದಲು ಸಲ್ವಾ ಪರವಾಗಿ ತೀರ್ಪು ಬಂತು. ಮೇಲಿನ ಕ್ರೀಡಾ ನ್ಯಾಯಾಲಯ 2021ರಲ್ಲಿ ಅದನ್ನು ತಿರುಗಿಸಿ ಎರಡು ವರ್ಷ ನಿಷೇಧ ಹಾಕಿತು. ಟೋಕಿಯೊ ಒಲಿಂಪಿಕ್ಸ್ ತಪ್ಪಿತು. ಹೊರಗೆ ಕೂತು ಮತ್ತೆ ಬಂದು 2024ರಲ್ಲಿ ಪ್ಯಾರಿಸ್‌ನಲ್ಲಿ ಬೆಳ್ಳಿ ತಗೊಂಡರು.

ಅದೇ ಪ್ಯಾರಿಸ್‌ನಲ್ಲಿ ವಿನ್‌ಫ್ರೆಡ್ ಯಾವಿ ಸ್ಟೀಪಲ್‌ಚೇಸ್ ಚಿನ್ನ ಗೆದ್ದರು, 8 ನಿಮಿಷ 52.76 ಸೆಕೆಂಡ್, ಒಲಿಂಪಿಕ್ ದಾಖಲೆ. ಕೀನ್ಯಾದಿಂದ ಇಲ್ಲಿಗೆ ಬಂದಾಗ ಅವರಿನ್ನೂ ಹದಿಹರೆಯದ ಹುಡುಗಿ. ಪ್ಯಾರಿಸ್ ಮುಗಿದ ಕೆಲವೇ ವಾರಗಳಲ್ಲಿ ರೋಮ್‌ನಲ್ಲಿ 8 ನಿಮಿಷ 44.39 ಸೆಕೆಂಡಿನಲ್ಲಿ ಓಡಿದರು. ವಿಶ್ವದಾಖಲೆಗೆ ಬಾಕಿ ಉಳಿದದ್ದು ಸೆಕೆಂಡಿನ ನೂರರಲ್ಲಿ ಏಳು ಭಾಗ. ನಮ್ಮ ಪಂಚಿಂಗ್ ಮೆಷಿನ್‌ಗೆ ಅಷ್ಟು ಸಣ್ಣ ಹೊತ್ತು ಗೊತ್ತೇ ಆಗುವುದಿಲ್ಲ.

ಉಳಿದದ್ದು ಕಲ್ಕಿದಾನ್ ಗೆಜಹೆಗ್ನೆ. ಟೋಕಿಯೊದ 10,000 ಮೀಟರ್ ಓಟದ ಪೋಡಿಯಂ ಫೋಟೋ ಸಿಕ್ಕಿದರೆ ಒಮ್ಮೆ ನೋಡಿ. ಚಿನ್ನ ನೆದರ್‌ಲ್ಯಾಂಡ್ಸಿನ ಸಿಫಾನ್ ಹಸನ್, ಬೆಳ್ಳಿ ಬಹರೈನಿನ ಗೆಜಹೆಗ್ನೆ, ಕಂಚು ಇಥಿಯೋಪಿಯಾದ ಲೆಟೆಸೆನ್‌ಬೆಟ್ ಗಿಡೇ. ಮೂರು ಬಾವುಟ. ಮೂವರೂ ಹುಟ್ಟಿದ್ದು ಇಥಿಯೋಪಿಯಾದಲ್ಲೇ. ಒಬ್ಬರು ನಿರಾಶ್ರಿತೆಯಾಗಿ ಯುರೋಪಿಗೆ ಹೋದವರು, ಒಬ್ಬರು ಗಲ್ಫಿಗೆ ಬಂದವರು, ಒಬ್ಬರು ಮನೆಯಲ್ಲೇ ಉಳಿದವರು. ಮೂವರು ಮಕ್ಕಳಿರುವ ನಮ್ಮ ಯಾವುದೇ ಮನೆಯ ಫೋಟೋ ಕೂಡ ಇದೇ ಅಲ್ವಾ?

"ಇದೆಲ್ಲ ದುಡ್ಡು ಕೊಟ್ಟು ತಂದ ಪದಕ" ಅಂತ ನಮ್ಮವರೇ ಹೇಳುವುದನ್ನು ಕೇಳಿದ್ದೇನೆ. ಕ್ಯಾಂಪಿನ ಟಿವಿ ಮುಂದೆ, ಚಾ ಕುಡಿಯುತ್ತಾ. ನನಗೆ ಈ ಮಾತು ಒಪ್ಪಿಗೆ ಇಲ್ಲ. ಈ ನಗರದ ಗೋಪುರಗಳನ್ನು ಕಟ್ಟಿದ್ದು ಯಾರು, ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮಾಡುವ ನರ್ಸಮ್ಮಂದಿರು ಯಾರು, ಅಡುಗೆಮನೆಗಳಲ್ಲಿ ಬೇಯುತ್ತಿರುವವರು ಯಾರು? ನಮ್ಮನ್ನೂ ದುಡ್ಡು ಕೊಟ್ಟೇ ಕರೆಸಿದ್ದು. ಹಾಗಂತ ನಾವು ಮಾಡಿದ ಕೆಲಸ ನಮ್ಮದಲ್ಲ ಅಂತ ಯಾರಾದರೂ ಹೇಳಿದರೆ ಸುಮ್ಮನಿರ್ತೇವಾ?

ಒಂದು ವ್ಯತ್ಯಾಸ ಉಂಟು, ಅದನ್ನೂ ಹೇಳಬೇಕು. ಅವರಿಗೆ ಪಾಸ್‌ಪೋರ್ಟ್ ಸಿಕ್ಕಿತು. ಇಲ್ಲಿನ ಕಾನೂನಿನ ಪ್ರಕಾರ ಅರಬ್ ಅಲ್ಲದವರು ಪೌರತ್ವ ಕೇಳಬೇಕಾದರೆ 25 ವರ್ಷ ಎಡೆಬಿಡದೆ ಇಲ್ಲಿ ವಾಸ ಮಾಡಿರಬೇಕು, ಅರಬ್ಬೀ ಬರಬೇಕು, ಇನ್ನೂ ಷರತ್ತುಗಳಿವೆ. ದೇಶಕ್ಕೆ ದೊಡ್ಡ ಸೇವೆ ಮಾಡಿದವರಿಗೆ ಅರಸರು ನೇರವಾಗಿ ಕೊಡಬಹುದು. ಓಟಗಾರ್ತಿಯರದ್ದು ಈ ಎರಡನೇ ದಾರಿ. ನಮ್ಮಲ್ಲಿ 25 ವರ್ಷ ದಾಟಿದವರು ಈ ಸಭೆಯಲ್ಲೇ ಹತ್ತಾರು ಜನ ಇದ್ದಾರೆ, ಎರಡು ವರ್ಷಕ್ಕೊಮ್ಮೆ ವೀಸಾ ರಿನ್ಯೂವಲ್ ಅಂತ ಕಾಯುತ್ತಾ. ನಾನು ಇದನ್ನು ದೂರಾಗಿ ಹೇಳ್ತಾ ಇಲ್ಲ. ಈ ದೇಶ ನಮಗೆ ಅನ್ನ ಕೊಟ್ಟಿದೆ. ನಮ್ಮಲ್ಲಿ ಹೆಚ್ಚಿನವರಿಗೆ ಊರಿನ ಪಾಸ್‌ಪೋರ್ಟ್ ಬಿಡುವ ಮನಸ್ಸೂ ಇಲ್ಲ, ಭಾರತ ಎರಡು ಪೌರತ್ವ ಒಪ್ಪುವುದೂ ಇಲ್ಲ. ಆದರೆ ಕಾಗದದ ಬೆಲೆ ಏನು ಅಂತ ನಮಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಆ ಬೆಲೆಗೆ ಊರು ಬಿಟ್ಟು ಬಂದ ಹುಡುಗಿಯನ್ನು ಹೀಯಾಳಿಸುವ ಮೊದಲು ನಮ್ಮ ಬಾಯಿಯಾದರೂ ಸ್ವಲ್ಪ ತಡೀಬೇಕು.

ಕ್ರೀಡೆಯ ದೊಡ್ಡವರಿಗೂ ಈ ದೇಶ ಬದಲಾವಣೆ ಇಷ್ಟ ಆಗಲಿಲ್ಲ. 2017ರಲ್ಲಿ ಇಂಥ ವರ್ಗಾವಣೆಗಳನ್ನೆಲ್ಲ ನಿಲ್ಲಿಸಿದರು. ಮರುವರ್ಷ ಹೊಸ ನಿಯಮ ಬಂತು: 20 ವರ್ಷ ತುಂಬುವ ಮೊದಲು ಬದಲಾಯಿಸುವ ಹಾಗಿಲ್ಲ, ಮೂರು ವರ್ಷ ಕಾಯಬೇಕು. ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಸಾಗಿಸುವುದು ಇದರಿಂದ ನಿಂತರೆ ಒಳ್ಳೆಯದೇ.

ನಮ್ಮ ಕರ್ನಾಟಕಕ್ಕೂ ಈ ಕಥೆಯಲ್ಲಿ ಒಂದು ಪಾಲಿದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್, 4x400 ಮಿಶ್ರ ರಿಲೇ. ಬಹರೈನ್ ಮೊದಲು, ಭಾರತ ಎರಡನೆಯದು. ಭಾರತ ತಂಡದಲ್ಲಿ ಮಹಮ್ಮದ್ ಅನಸ್, ಹಿಮಾ ದಾಸ್, ಆರೋಕ್ಯ ರಾಜೀವ್ ಜೊತೆ ನಮ್ಮ ಮಂಗಳೂರಿನ ಎಂ.ಆರ್. ಪೂವಮ್ಮ ಇದ್ದರು. ಆಮೇಲೆ ಬಹರೈನಿನ ಕೆಮಿ ಅಡೆಕೋಯಾ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. 2020ರಲ್ಲಿ, ನಾವೆಲ್ಲ ಲಾಕ್‌ಡೌನ್ ಚಿಂತೆಯಲ್ಲಿದ್ದಾಗ, ಭಾರತದ ಬೆಳ್ಳಿ ಚಿನ್ನವಾಯಿತು ಎಂಬ ಸುದ್ದಿ ಬಂತು. ನಮ್ಮವರು ಕುಣಿದಾಡಿದರು, ಇಲ್ಲಿಯವರ ಮದ್ದಿನ ಬಗ್ಗೆ ಭಾಷಣ ಮಾಡಿದರು. ಎರಡು ವರ್ಷ ಕಳೆದ ಮೇಲೆ ಪೂವಮ್ಮ ಅವರಿಗೇ ಬೇರೊಂದು ಪರೀಕ್ಷೆಯ ಮೇಲೆ ಎರಡು ವರ್ಷದ ನಿಷೇಧ ಬಂತು. ಅದಕ್ಕೂ ಮೊದಲು, 2010ರಲ್ಲಿ ಗುವಾಂಗ್‌ಝೌನಲ್ಲಿ ಹರ್ಡಲ್ಸ್ ಚಿನ್ನ ಗೆದ್ದು ಉಡುಪಿ ಜಿಲ್ಲೆಯನ್ನೇ ಕುಣಿಸಿದ್ದ ಅಶ್ವಿನಿ ಅಕ್ಕುಂಜಿ ಅವರಿಗೂ ಮರುವರ್ಷ ಇದೇ ಕಾಟ. ಯಾರ ಮನೆಯ ದೋಸೆಯೂ ತೂತೇ. ಹಾಗಾಗಿ ಬಹರೈನಿನ ಪದಕ ಮಾತ್ರ ಕೊಳಕು ಅನ್ನುವ ಮಾತು ಬೇಡ.

ಇಲ್ಲೇ ಹುಟ್ಟಿದವರು ಯಾರೂ ಓಡಲೇ ಇಲ್ಲವಾ ಅಂತ ಕೇಳಬಹುದು. ಓಡಿದ್ದಾರೆ. ರುಖಯಾ ಅಲ್ ಘಸ್ರಾ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ತಲೆಯಿಂದ ಕಾಲಿನವರೆಗೆ ಮುಚ್ಚಿದ ಉಡುಪಿನಲ್ಲಿ 200 ಮೀಟರ್ ಚಿನ್ನ ಗೆದ್ದರು. ಬೀಜಿಂಗ್‌ನಲ್ಲಿ ಬಹರೈನಿನ ಬಾವುಟ ಹಿಡಿದು ಮುಂದೆ ನಡೆದವರೂ ಅವರೇ. ಅವರ ಓಟದ ವಿಡಿಯೊವನ್ನು ಹೆಣ್ಣುಮಕ್ಕಳಿಗೆ ತೋರಿಸಿ. ಆ ಉಡುಪಿನಲ್ಲೇ ಎಲ್ಲರಿಗಿಂತ ಮುಂದೆ ಹೋಗುವುದು ನೋಡಿದರೆ "ಹೆಂಗಸರಿಗೆ ಓಡಲಿಕ್ಕೆ ಆಗ್ತದಾ, ನೋಡಿದವರು ಏನಂತಾರೆ" ಎಂಬ ಮಾತಿಗೆ ಬೇರೆ ಉತ್ತರ ಬೇಕಾಗುವುದಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ನಾಳೆಯ ಪಟ್ಟಿ ನನ್ನ ಕೈಯಲ್ಲಿದೆ. ಗಂಡಸರ ಹಗ್ಗಜಗ್ಗಾಟಕ್ಕೆ ಹನ್ನೊಂದು ತಂಡ. ಮಹಿಳೆಯರ 400 ಮೀಟರ್ ಓಟಕ್ಕೆ ಬಂದಿರುವುದು ಮೂರೇ ಹೆಸರು, ಅದರಲ್ಲಿ ಇಬ್ಬರು ನೈಟ್ ಡ್ಯೂಟಿ ಮುಗಿಸಿ ನೇರ ಮೈದಾನಕ್ಕೆ ಬರುವವರು. ಊಟದ ಕೌಂಟರಿನ ಪಕ್ಕದ ಮೇಜಿನಲ್ಲಿ ರಿಜಿಸ್ಟರ್ ಇಟ್ಟಿದ್ದೇವೆ, ಪೆನ್ನೂ ಇದೆ. ಬೆಳಿಗ್ಗೆ ಆರೂವರೆಗೆ, ಬಿಸಿಲೇರುವ ಮೊದಲೇ ಆ ಓಟ ಮುಗಿಸ್ತೇವೆ. ಸ್ಟಾಪ್‌ವಾಚ್ ನನ್ನ ಹತ್ತಿರ ಇರ್ತದೆ.