ಹಗ್ಗ ಕಲಿಸಿದ ಪಾಠ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



1981ರಲ್ಲಿ ಇದೇ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಹೋದವನು ನಾನು. ಮೂವತ್ತು ವರ್ಷಕ್ಕೂ ಮಿಕ್ಕಿ ಬೇರೆ ಬೇರೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ದುಡಿದು ನಿವೃತ್ತನಾಗಿದ್ದೇನೆ. ಸಮಿತಿಯವರು ನಾಯಕತ್ವದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದಿದ್ದಾರೆ. ದೊಡ್ಡ ನಾಯಕರ ಬಗ್ಗೆ ಹೇಳುವಷ್ಟು ಓದಿದವನಲ್ಲ. ನನಗೆ ಗೊತ್ತಿರುವುದು ಹಗ್ಗ. ಅದರ ಬಗ್ಗೆಯೇ ಹೇಳುತ್ತೇನೆ.

ನಮ್ಮೂರ ತೇರನ್ನು ನೆನಪಿಸಿಕೊಳ್ಳಿ. ಮುಂದೆ ನೂರಾರು ಜನ ಹಗ್ಗ ಹಿಡಿದು ಎಳೆಯುತ್ತಾರೆ. ಆದರೆ ತೇರು ದಾರಿ ಬಿಡದಂತೆ, ಇಳಿಜಾರಿನಲ್ಲಿ ಜನರ ಮೇಲೆ ನುಗ್ಗದಂತೆ ಕಾಯುವವರು ಯಾರು? ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದು ಬಗ್ಗಿ ನಡೆಯುವ ನಾಲ್ಕೈದು ಜನ. ಅವರನ್ನು ಯಾರೂ ನೋಡುವುದಿಲ್ಲ, ಅವರ ಕಣ್ಣು ಮಾತ್ರ ಗಾಲಿಯ ಮೇಲೇ ಇರುತ್ತದೆ. ನಾಯಕತ್ವ ಎಂದರೆ ಅದು ಎಂದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ಈಗ ಪಟ್ಟಣದ ಶಾಲೆಗಳಲ್ಲಿ, ರೆಸಾರ್ಟುಗಳಲ್ಲಿ ರೋಪ್ ಕೋರ್ಸ್ ಎಂಬುದನ್ನು ನೀವು ನೋಡಿರಬಹುದು. ಮರಗಳ ನಡುವೆ ಹಗ್ಗ ಕಟ್ಟಿ ಮಕ್ಕಳನ್ನು ದಾಟಿಸುತ್ತಾರೆ. ಇದು ದುಡ್ಡಿದ್ದವರ ಆಟವಾಗಿ ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಹಡಗುಗಳು ಮುಳುಗುತ್ತಿದ್ದಾಗ, ಗಟ್ಟಿಮುಟ್ಟಾದ ಹುಡುಗರು ಕೈಚೆಲ್ಲಿ ಸಾಯುತ್ತಿದ್ದಾರೆ, ವಯಸ್ಸಾದ ನಾವಿಕರು ಬದುಕಿ ಬರುತ್ತಿದ್ದಾರೆ ಎಂಬ ಕೊರಗು ಇಂಗ್ಲೆಂಡಿನ ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಅವರಿಗಿತ್ತು. ಕುರ್ಟ್ ಹಾನ್ ಎಂಬ ಶಿಕ್ಷಕರ ಜೊತೆ ಸೇರಿ ಅವರು 1941ರಲ್ಲಿ ವೇಲ್ಸ್‌ನ ಅಬರ್ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆ ತೆರೆದರು. ತೋಳಿನ ಬಲದ ಜೊತೆಗೆ ಎದೆಯ ಬಲ, ಪಕ್ಕದವನ ಮೇಲಿನ ನಂಬಿಕೆ ಬೇಕೆಂಬುದು ಅವರ ಪಾಠ. ಮೂವತ್ತು ವರ್ಷದ ನಂತರ, 1971ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಹ್ಯಾಮಿಲ್ಟನ್-ವೆನ್‌ಹ್ಯಾಮ್ ಎಂಬಲ್ಲಿಯ ಹೈಸ್ಕೂಲಿನ ಮುಖ್ಯಸ್ಥ ಜೆರ್ರಿ ಪೀ ಈ ಪಾಠವನ್ನು ಕಾಡಿನ ಶಿಬಿರದಿಂದ ಶಾಲೆಯ ಪಿ.ಟಿ. ಪೀರಿಯಡ್ಡಿಗೇ ತಂದರು. ಅದೂ ನಮ್ಮಂತೆ ಸರ್ಕಾರದ ಹಣದಲ್ಲಿ ನಡೆಯುವ ಶಾಲೆ ಎಂಬುದನ್ನು ಗಮನಿಸಿ.

ಇನ್ನು ನನ್ನ ಕಥೆ. ಅದು ಹೆಮ್ಮೆಯ ಕಥೆಯಲ್ಲ.

ನೌಕರಿಗೆ ಸೇರಿದ ಹೊಸತು. ದಾವಣಗೆರೆ ಬಳಿಯ ಕೊಂಡಜ್ಜಿಗೆ ಸ್ಕೌಟ್ಸ್ ತರಬೇತಿಗೆ ಹೋಗಿ ಮಂಕಿ ಬ್ರಿಡ್ಜ್ ಕಟ್ಟುವುದನ್ನು ಕಲಿತು ಬಂದಿದ್ದೆ. ಕಾಲಿಗೆ ಒಂದು ಹಗ್ಗ, ಕೈಗೆ ಎರಡು ಹಗ್ಗ. ನಾನಿದ್ದ ಶಾಲೆಯ ಎರಡು ಬೇವಿನ ಮರಗಳ ನಡುವೆ, ಅಲ್ಲಿ ಹೇಳಿಕೊಟ್ಟದ್ದಕ್ಕಿಂತ ಎತ್ತರಕ್ಕೇ ಕಟ್ಟಿದೆ. ನೋಡಿದವರು ಭೇಷ್ ಎನ್ನಲಿ ಎಂಬ ಆಸೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ನಡುವೆ ನಿಂತುಬಿಟ್ಟ. ಕಾಲು ನಡುಗುತ್ತಿತ್ತು. "ಸರ್, ಇಳೀತೀನಿ" ಎಂದ. ನಾನು ಬಿಡಲಿಲ್ಲ. "ಹೆದರುಪುಕ್ಕಲ, ನಡಿ ಮುಂದೆ" ಎಂದು ಕೂಗಿದೆ. ಉಳಿದವರು ನಕ್ಕರು. ನಗುವುದನ್ನು ನಾನು ತಡೆಯಲಿಲ್ಲ. ಹುಡುಗ ಎರಡು ಹೆಜ್ಜೆ ಇಟ್ಟು ಬಿದ್ದ. ಎಡಗೈ ಮುರಿಯಿತು.

ಕೈಗೆ ಕಟ್ಟು ಹಾಕಿಸಿದೆವು. ಕಟ್ಟು ಬಿಚ್ಚಿದ ಮೇಲೂ ಅವನು ಶಾಲೆಗೆ ಬರಲಿಲ್ಲ. ಮನೆಗೆ ಹೋದೆ. ಅವನ ತಾಯಿ ಕೂರಲು ಚಾಪೆ ಹಾಸಿದರು, ಚಹಾ ಕೊಟ್ಟರು. ಆಮೇಲೆ ಹೇಳಿದರು: "ಕೈ ಏನೋ ಕೂಡ್ಕಂತು ಮೇಷ್ಟ್ರೇ. ಎಲ್ಲಾ ಹುಡುಗ್ರ ಮುಂದೆ ನಗೆಪಾಟ್ಲಾತಲ್ಲ, ಅದು ಹೆಂಗೆ ಕೂಡ್ಕಂತೈತೆ?" ನನ್ನಲ್ಲಿ ಉತ್ತರವಿರಲಿಲ್ಲ. ಮೂರು ಸಲ ಹೋಗಿ ಕರೆದೆ. ಹುಡುಗ ಬರಲೇ ಇಲ್ಲ. ಆ ಶಾಲೆಯ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಎಳೆದ ಕೆಂಪು ಗೆರೆ ನನ್ನದೇ ಎಂದು ಇವತ್ತಿಗೂ ಅನಿಸುತ್ತದೆ.

ಆಮೇಲೆ ವರ್ಷಗಟ್ಟಲೆ ನಾನು ಹಗ್ಗ ಮುಟ್ಟಲಿಲ್ಲ. ಮತ್ತೆ ಮುಟ್ಟಿದಾಗ ಮೊದಲಿನಿಂದ ಕಲಿತೆ. ರೋಪ್ ಕೋರ್ಸಿನವರಲ್ಲಿ ಒಂದು ಮಾತಿದೆ: ನಿನ್ನ ಸವಾಲನ್ನು ನೀನೇ ಆರಿಸಿಕೋ. ಎಷ್ಟು ದೂರ ಹೋಗಬೇಕು, ಎಲ್ಲಿ ಇಳಿಯಬೇಕು ಎಂದು ನಿರ್ಧರಿಸುವವನು ಹಗ್ಗದ ಮೇಲಿರುವವನು. ಒಲ್ಲೆ ಎಂದವನು ಗುಂಪಿನಿಂದ ಹೊರಗಾಗುವುದಿಲ್ಲ. ಅವನಿಗೆ ಬೇರೆ ಕೆಲಸವಿದೆ. ದಾಟುವವನ ಎರಡೂ ಪಕ್ಕ ಕೈಚಾಚಿಕೊಂಡು, ಕಣ್ಣು ಕೀಳದೆ, ಬಿದ್ದರೆ ಆನಿಸಿಕೊಳ್ಳಲು ಜೊತೆಗೇ ನಡೆಯಬೇಕು. ಇದಕ್ಕೆ ಸ್ಪಾಟಿಂಗ್ ಎನ್ನುತ್ತಾರೆ. ನಮ್ಮ ತೇರಿನ ಗಾಲಿ ಕಾಯುವವರ ಕೆಲಸವೇ ಇದು.

ಒಂದು ಆಟದ ಬಗೆ ಹೇಳುತ್ತೇನೆ. ಎರಡು ಮರಗಳ ನಡುವೆ ಜೇಡರ ಬಲೆಯಂತೆ ಹಗ್ಗ ಕಟ್ಟಬೇಕು. ಕೆಲವು ಕಿಂಡಿ ದೊಡ್ಡವು, ಕೆಲವು ಸಣ್ಣವು, ಕೆಲವು ಎದೆಯೆತ್ತರದವು. ಇಡೀ ಗುಂಪು ಹಗ್ಗಕ್ಕೆ ಮೈ ತಾಗದಂತೆ ಆಚೆ ಹೋಗಬೇಕು. ಒಂದು ಕಿಂಡಿಯಲ್ಲಿ ಒಬ್ಬರು ಮಾತ್ರ. ಮೊದಲ ದಿನ ಗಟ್ಟಿಗರೆಲ್ಲ ದೊಡ್ಡ ಕಿಂಡಿಗಳಲ್ಲಿ ನುಸುಳಿ ಆಚೆ ನಿಂತು ಕೇಕೆ ಹಾಕುತ್ತಾರೆ. ಈಚೆ ಉಳಿದ ಪುಟ್ಟವರನ್ನು ಮೇಲಿನ ಕಿಂಡಿಗೆ ಎತ್ತಿಕೊಡಲು ಯಾರೂ ಇರುವುದಿಲ್ಲ. ಆಟ ಕೆಡುತ್ತದೆ.

ನಾನು ಕೊನೆಗೆ ಕೆಲಸ ಮಾಡಿದ ಶಾಲೆಯಲ್ಲಿ ಹೆಣ್ಣುಮಕ್ಕಳ ಗುಂಪು ಹೀಗೆ ಮೂರು ಸಲ ಸೋತಿತು. ನಾಲ್ಕನೇ ಸಲ, ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳು ಕಿಂಡಿಗಳನ್ನು ಎಣಿಸಿ, ಯಾರು ಯಾವುದಕ್ಕೆ ಎಂದು ಮಣ್ಣಿನ ಮೇಲೆ ಕಡ್ಡಿಯಿಂದ ಬರೆದಳು. "ದೊಡ್ಡ ಕಿಂಡಿ ಕೊನೆಯವಳಿಗೆ ಇರಲಿ. ಅವಳನ್ನು ಎತ್ತೋಕೆ ಈಚೆ ಯಾರೂ ಇರಲ್ಲ" ಎಂದಳು. ಅಷ್ಟು ಹೊತ್ತು ಅಪ್ಪಣೆ ಕೊಡುತ್ತಿದ್ದ ಕ್ಲಾಸ್ ಲೀಡರ್ ಸುಮ್ಮನೆ ಅವಳ ಮಾತು ಕೇಳಿದಳು. ಆ ಹೊತ್ತಿಗೆ ಇಬ್ಬರೂ ನಾಯಕಿಯರೇ.

ಇನ್ನೊಂದನ್ನೂ ಹೇಳಬೇಕು. ಈ ಆಟದಲ್ಲಿ ಒಬ್ಬರನ್ನೊಬ್ಬರು ಕೈಯಾರೆ ಎತ್ತಬೇಕು, ಮೈಭಾರ ಇನ್ನೊಬ್ಬರ ಕೈಗೆ ಬಿಡಬೇಕು. ಯಾರನ್ನು ಮುಟ್ಟಲು ಯಾರು ಹಿಂಜರಿಯುತ್ತಾರೆ ಎಂಬುದು ಮೊದಲ ಐದು ನಿಮಿಷದಲ್ಲೇ ಕಾಣುತ್ತದೆ. ಊರಲ್ಲಿ ಬೆಳೆದ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಆಟದಿಂದ ಅದೆಲ್ಲ ಅಳಿಸಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಬೀಳುವಾಗ ಆನಿಸಿಕೊಂಡ ಕೈಯನ್ನು ಮಗು ಮರೆಯುವುದಿಲ್ಲ.

ಆಟ ಮುಗಿದ ಮೇಲೆ ವೃತ್ತಾಕಾರವಾಗಿ ಕೂರಿಸಿ ಮೂರು ಪ್ರಶ್ನೆ ಕೇಳಬೇಕು. ಏನಾಯಿತು? ಅದರಿಂದ ಏನು ತಿಳಿಯಿತು? ನಾಳೆ ಏನು ಮಾಡುತ್ತೀರಿ? ಈ ಕಾಲು ಗಂಟೆ ಇಲ್ಲದಿದ್ದರೆ ಅದು ಬರೀ ಹಗ್ಗದಾಟ.

ಈಗ ನನ್ನ ಕೋರಿಕೆ. ಶಾಲೆಯ ಹಿಂದಿರುವ ಹೊಂಗೆ ಸಾಲು ನಮ್ಮ ತಂಡ ವನಮಹೋತ್ಸವದಲ್ಲಿ ನೆಟ್ಟದ್ದು. ಅವು ಈಗ ಹಗ್ಗ ತಡೆಯುವಷ್ಟು ಬೆಳೆದಿವೆ. ಅಲ್ಲಿ ಮೊಣಕಾಲೆತ್ತರ ಮೀರದ ಹಗ್ಗದ ದಾರಿ, ಒಂದು ಬಲೆ, ಒಂದು ಅಡ್ಡದಿಮ್ಮಿ ಮಾಡೋಣ. ಹಗ್ಗ ಒಳ್ಳೆಯ ನೈಲಾನಿನದಿರಲಿ, ಬಾವಿಯ ಹಳೆಯ ಹಗ್ಗ ಬೇಡ. ತೊಗಟೆ ಸವೆಯದಂತೆ ಮರಕ್ಕೆ ಗೋಣಿಚೀಲ ಸುತ್ತಬೇಕು. ಕೆಳಗೆ ಕಲ್ಲು ಆಯ್ದು ಮರಳು ಹಾಸಬೇಕು. ಆಟಕ್ಕೆ ಮುಂಚೆ ಪ್ರತಿ ಗಂಟನ್ನೂ ಇಬ್ಬರು ನೋಡಬೇಕು, ಆಟ ಮುಗಿದ ಮೇಲೆ ಹಗ್ಗ ಬಿಚ್ಚಿ ಒಳಗಿಡಬೇಕು. ಎತ್ತರದ ಹಗ್ಗಕ್ಕೆ ಬೆಲ್ಟು, ಹೆಲ್ಮೆಟ್ಟು, ತರಬೇತಾದ ಜನ ಬೇಕು. ಆ ಆಸೆ ನಮಗೆ ಬೇಡ. ಮಕ್ಕಳಿಗೆ ಅದು ಬೇಕಾದರೆ, ನಮ್ಮ ರಾಜ್ಯದಲ್ಲೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಅಲ್ಲಿಗೆ ಕಳಿಸೋಣ.

ಹಗ್ಗದ ಖರ್ಚು ನನ್ನದು. ನಿಮ್ಮಿಂದ ನಾನು ಕೇಳುವುದು ದುಡ್ಡಲ್ಲ. ಹತ್ತು ಜನ ಹಳೆಯ ವಿದ್ಯಾರ್ಥಿಗಳು, ಗಂಡಸರೂ ಹೆಂಗಸರೂ, ತಿಂಗಳಿಗೊಂದು ಭಾನುವಾರ ಬಂದು ಮಕ್ಕಳ ಪಕ್ಕ ಕೈಚಾಚಿ ನಿಲ್ಲಬೇಕು. ಮೊದಲ ಭಾನುವಾರ ಮಕ್ಕಳಿಗಿಂತ ಮುಂಚೆ ನಾವೇ ದಾಟೋಣ. ಎಸ್‌ಡಿಎಂಸಿ ಸದಸ್ಯರು, ಮೇಷ್ಟ್ರುಗಳು, ತಾಯಂದಿರು, ಎಲ್ಲರೂ. ಹೆದರಿದವರು ಇಳಿಯಬಹುದು. ಯಾರೂ ನಗುವುದಿಲ್ಲ, ನಗಲು ನಾನು ಬಿಡುವುದಿಲ್ಲ.

ಆ ಹುಡುಗನಿಗೆ ಅಂದು ನಾನು ಕೊಡಬೇಕಾಗಿದ್ದು ಇಷ್ಟೇ. ಈ ಶಾಲೆಯ ಮಕ್ಕಳಿಗಾದರೂ ಕೊಡುವ ಅವಕಾಶವನ್ನು ನೀವು ನನಗೆ ಮಾಡಿಕೊಡಿ ಎಂದು ಕೇಳಿಕೊಂಡು, ನನ್ನ ಮಾತು ಮುಗಿಸುತ್ತೇನೆ.