ಯಾವುದಕ್ಕೆ ಸ್ಕೋಪ್ ಐತ್ರಿ?



ಸಿಇಟಿ ಫಲಿತಾಂಶ ಬಂದ ವಾರ ನಮ್ಮ ಸ್ಟುಡಿಯೋಗೆ ಬರುವ ಫೋನ್ ಕರೆಗಳಲ್ಲಿ ರಾಜಕೀಯ ಇರೋದಿಲ್ಲ, ಕ್ರಿಕೆಟ್ ಇರೋದಿಲ್ಲ. ಇರೋದು ಒಂದೇ ಪ್ರಶ್ನೆ. ಹಾವೇರಿಯವರೂ ಅದನ್ನೇ ಕೇಳ್ತಾರೆ, ರಾಣೆಬೆನ್ನೂರಿನವರೂ ಅದನ್ನೇ ಕೇಳ್ತಾರೆ, ಬ್ಯಾಡಗಿಯವರೂ ಅದನ್ನೇ ಕೇಳ್ತಾರೆ. "ಸರ್ರ, ಈಗ ಯಾವ ಬ್ರಾಂಚಿಗೆ ಸ್ಕೋಪ್ ಐತ್ರಿ?"

ಸ್ಕೋಪ್! ಎಲ್ಲಿಂದ ಬಂತೋ ಈ ಪದ. ಮಗ ಏನು ಓದಬೇಕು, ಮಗಳು ಎಲ್ಲಿ ಓದಬೇಕು, ಅಪ್ಪ ಎಷ್ಟು ಸಾಲ ಮಾಡಬೇಕು, ಎಲ್ಲವನ್ನೂ ಇವತ್ತು ನಮ್ಮ ಮನೆಗಳಲ್ಲಿ ಈ ಒಂದು ಪದ ತೀರ್ಮಾನ ಮಾಡ್ತಿದೆ. ಸ್ಕೋಪ್ ಅಂದ್ರೆ ಏನು ಅಂತ ತಿರುಗಿ ಕೇಳಿದರೆ, "ಕೆಲಸ ಸಿಗ್ತೈತ್ರಿ" ಅಂತಾರೆ. ಸರಿ, ಯಾವಾಗ ಸಿಗುತ್ತೆ? ನೀವು ನೋಡ್ತಿರೋದು ಇವತ್ತಿನ ಮಾರುಕಟ್ಟೆ. ನಿಮ್ಮ ಮಗ ಕೆಲಸ ಹುಡುಕಿಕೊಂಡು ಹೊರಡೋದು ನಾಲ್ಕು ವರ್ಷ ಆದಮೇಲೆ.

ಈ ಲೆಕ್ಕವನ್ನು ಬ್ಯಾಡಗಿಯ ಜನಕ್ಕೆ ನಾನು ಹೇಳಿಕೊಡಬೇಕಾಗಿಲ್ಲ. 2024ರ ಮಾರ್ಚ್ 11, ಸೋಮವಾರ. ಸೋಮವಾರ, ಗುರುವಾರ ಅಂದ್ರೆ ಅಲ್ಲಿ ಮೆಣಸಿನಕಾಯಿ ಮಾರುಕಟ್ಟೆ ದಿನ. ಲಕ್ಷಗಟ್ಟಲೆ ಚೀಲ ಬಂದಿದ್ದವು. ದರ ಕುಸಿದಿತ್ತು. ರೈತರ ಸಿಟ್ಟು ಎಪಿಎಂಸಿ ಕಚೇರಿಯ ಮೇಲೆ ತಿರುಗಿತು, ವಾಹನಗಳಿಗೆ ಬೆಂಕಿ ಬಿತ್ತು. ಆ ದೃಶ್ಯಗಳನ್ನು ನಾವೇ ನಿಮಗೆ ತೋರಿಸಿದ್ದೇವೆ. ಬಿತ್ತುವಾಗ ಇದ್ದ ದರ ಬೇರೆ, ಕೊಯ್ದು ಚೀಲ ತುಂಬಿಸಿ ತಂದಾಗ ಸಿಕ್ಕ ದರ ಬೇರೆ. ಎಲ್ಲರೂ ಒಂದೇ ಬೆಳೆಗೆ ಬಿದ್ದರೆ ಏನಾಗುತ್ತೆ ಅನ್ನೋದನ್ನು ಮೈಮೇಲೆ ಅನುಭವಿಸಿದ ಊರು ಅದು. ಆದರೂ ಅದೇ ಊರಿನ ಅಪ್ಪ ಮಗನ ವಿಷಯಕ್ಕೆ ಬಂದ ಕೂಡಲೇ, "ಎಲ್ಲಾರೂ ಕಂಪ್ಯೂಟರ್ ಸೈನ್ಸ್ ತಗೊಳ್ಳಾಕತ್ತಾರ, ನಾವೂ ಅದನ್ನ ತಗೋಳೋಣು" ಅಂತಾನೆ. ಹೊಲಕ್ಕೆ ಬೀಜ ಹಾಕೋ ಮುಂಚೆ ಮಣ್ಣು ಕೈಯಲ್ಲಿ ಹಿಡಿದು ನೋಡುವ ಮನುಷ್ಯ, ಮಗನ ಮನಸ್ಸಲ್ಲಿ ಏನಿದೆ ಅಂತ ಒಂದು ಸಲ ಕೇಳೋದಿಲ್ಲ.

ಕಂಪ್ಯೂಟರ್ ಸೈನ್ಸ್ ಓದಬೇಡಿ ಅಂತ ನಾನು ಹೇಳ್ತಿಲ್ಲ. ಗಣಿತ ಹಿಡಿಸುವ, ಗಂಟೆಗಟ್ಟಲೆ ಕೂತು ಒಂದು ಸಮಸ್ಯೆ ಬಿಡಿಸುವ ತಾಳ್ಮೆ ಇರುವ ಹುಡುಗ ಖಂಡಿತ ಓದಲಿ. ಆದರೆ ಒಂದು ವಿಚಾರ ಗೊತ್ತಿರಲಿ. ಒಂದು ಕಾಲೇಜು ಒಂದು ಬ್ರಾಂಚಿಗೆ ಇಷ್ಟೇ ಸೀಟು ಅಂತ ಇದ್ದ ಮಿತಿಯನ್ನು ಎಐಸಿಟಿಇ 2024-25ನೇ ಸಾಲಿನಿಂದ, ಅರ್ಹತೆ ಇರುವ ಸಂಸ್ಥೆಗಳಿಗೆ ತೆಗೆದುಹಾಕಿತು. ಬೆಂಗಳೂರಿನ ದೊಡ್ಡ ಖಾಸಗಿ ಕಾಲೇಜುಗಳು ಮೊದಲು ಹೆಚ್ಚಿಸಿಕೊಂಡಿದ್ದೇ ಕಂಪ್ಯೂಟರ್ ಸೈನ್ಸ್ ಸೀಟುಗಳನ್ನ. ಅಂದ್ರೆ ಮಾರುಕಟ್ಟೆಗೆ ಬರುವ ಚೀಲಗಳ ಸಂಖ್ಯೆ ಏರುತ್ತಿದೆ. ಗುಣಮಟ್ಟದ ಮಾಲಿಗೆ ದರ ಇದ್ದೇ ಇರುತ್ತೆ. ಮನಸ್ಸಿಲ್ಲದೆ ಓದಿ, ಬ್ಯಾಕ್‌ಲಾಗ್ ಎಳ್ಕೊಂಡು ಹೊರಬಂದವನ ಗತಿ ಏನು?

"ನೀವೇ ಎಂಜಿನಿಯರಿಂಗ್ ಓದಿ ಟಿವಿಯಲ್ಲಿ ಕೂತೀರಲ್ರಿ" ಅಂತ ಕೆಲವರು ಕಾಲೆಳೆಯುತ್ತಾರೆ. ಹೌದು, ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಇವತ್ತು ಸಚಿವರೊಬ್ಬರು ಇಷ್ಟು ಸಾವಿರ ಕೋಟಿ ಅಂದಾಗ, ಯಾವ ವರ್ಷದ್ದು, ಎಷ್ಟು ಖರ್ಚಾಗಿದೆ, ಲೆಕ್ಕ ಎಲ್ಲಿ ಅಂತ ಕೇಳುವ ಅಭ್ಯಾಸ ನನಗೆ ಬಂದಿದ್ದು ಆ ನಾಲ್ಕು ವರ್ಷಗಳಿಂದಲೇ. ಓದಿದ ವಿಷಯ ಮತ್ತು ಮಾಡುವ ಕೆಲಸ ಒಂದೇ ಆಗಿರಬೇಕಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಮೊದಲು ಪಡೆದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಬಿ.ಎ. ಆಮೇಲೆ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. ಇದೇ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಓದಿದ್ದು, ಕಲಿಸಿದ್ದು ಇಂಗ್ಲಿಷ್ ಸಾಹಿತ್ಯ. ಜ್ಞಾನಪೀಠ ತಂದಿದ್ದು ಕನ್ನಡಕ್ಕೆ.

ಈಗ ಬನ್ನಿ, ಬ್ಯಾಡಗಿ ಮಾರುಕಟ್ಟೆಯನ್ನೇ ಇನ್ನೊಂದು ಸಲ ನೋಡೋಣ, ಓದುವ ಹುಡುಗರ ಕಣ್ಣಿಂದ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಕಡ್ಡಿ, ಡಬ್ಬಿ ಅಂತ ಎರಡು ತಳಿ. ಖಾರ ಕಡಿಮೆ, ಬಣ್ಣ ಜಾಸ್ತಿ. ಖಾರಕ್ಕೆ ಕಾರಣ ಕ್ಯಾಪ್ಸೈಸಿನ್, ಕೆಂಪು ಬಣ್ಣಕ್ಕೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್. ಇದು ಕೆಮಿಸ್ಟ್ರಿ. ಆ ಬಣ್ಣವನ್ನು ಎಣ್ಣೆಯ ರೂಪದಲ್ಲಿ ತೆಗೀತಾರೆ, ಓಲಿಯೋರೆಸಿನ್ ಅಂತ. ಅದು ಆಹಾರಕ್ಕೆ ಹೋಗುತ್ತೆ, ಲಿಪ್‌ಸ್ಟಿಕ್‌ಗೂ ಹೋಗುತ್ತೆ. ಇದು ಕೆಮಿಕಲ್ ಎಂಜಿನಿಯರಿಂಗ್, ಫುಡ್ ಟೆಕ್ನಾಲಜಿ. ಬಣ್ಣ ಮಾಸದಂತೆ ಕಾಯಿ ಇಡೋಕೆ ಕೋಲ್ಡ್ ಸ್ಟೋರೇಜ್ ಬೇಕು. ಅದು ಮೆಕ್ಯಾನಿಕಲ್, ಎಲೆಕ್ಟ್ರಿಕಲ್. ದರ ನಿಗದಿಯಾಗೋದು ಇ-ಟೆಂಡರ್‌ನಲ್ಲಿ. ಅದು ಕಂಪ್ಯೂಟರ್ ಸೈನ್ಸ್. ಯಾಕೆ ಈ ವರ್ಷ ದರ ಬಿತ್ತು, ಮುಂದಿನ ವರ್ಷ ಎಷ್ಟು ಬರಬಹುದು? ಅದು ಎಕನಾಮಿಕ್ಸ್, ಸ್ಟಾಟಿಸ್ಟಿಕ್ಸ್. ದಲಾಲರ ಲೆಕ್ಕ, ಜಿಎಸ್‌ಟಿ, ರಫ್ತಿನ ಕಾಗದ ಪತ್ರ? ಬಿ.ಕಾಂ. ರೈತ ಮತ್ತು ವರ್ತಕರ ನಡುವೆ ತಕರಾರು ಬಂದರೆ? ಕಾನೂನು. ತೊಟ್ಟು ಬಿಡಿಸುತ್ತ ಇಡೀ ದಿನ ಘಾಟಿನಲ್ಲಿ ಕೂರುವ ಹೆಣ್ಣುಮಕ್ಕಳ ಕೂಲಿ, ಅವರ ಆರೋಗ್ಯ? ಸಮಾಜಶಾಸ್ತ್ರ, ಸಮಾಜಕಾರ್ಯ.

ಒಂದು ಮೆಣಸಿನಕಾಯಿ ಚೀಲದೊಳಗೆ ಇಷ್ಟು ಸಬ್ಜೆಕ್ಟ್ ಇವೆ ಸ್ವಾಮಿ! ಇದರಲ್ಲಿ ಯಾವುದಕ್ಕೆ ಸ್ಕೋಪ್ ಇಲ್ಲ ಹೇಳಿ?

ರಾಣೆಬೆನ್ನೂರಿಗೆ ಬನ್ನಿ. ಸುತ್ತಮುತ್ತ ಹೈಬ್ರಿಡ್ ಬೀಜೋತ್ಪಾದನೆ ನಡೀತಿದೆ. ಹತ್ತಿ, ಟೊಮೆಟೊ, ಮೆಣಸಿನಕಾಯಿ. 1972ರಲ್ಲಿ ಧಾರವಾಡದಲ್ಲಿ ಡಾ. ಕಾತರಕಿಯವರು ವರಲಕ್ಷ್ಮಿ ಹೈಬ್ರಿಡ್ ಹತ್ತಿ ಕೊಟ್ಟರು. ಇಂಥ ಹೈಬ್ರಿಡ್ ಬೀಜಕ್ಕೆ ಹೆಚ್ಚಾಗಿ ಹೂವಿಗೆ ಹೂವು ಕೈಯಿಂದಲೇ ಕ್ರಾಸಿಂಗ್ ಮಾಡಬೇಕು. ನಮ್ಮ ತಾಯಂದಿರು ಹೊಲದಲ್ಲಿ ಮಾಡುವ ಆ ಕೆಲಸವನ್ನೇ ಮಕ್ಕಳು ಕಾಲೇಜಿನಲ್ಲಿ ಜೆನೆಟಿಕ್ಸ್ ಅಂತ ಓದ್ತಾರೆ. ಅದೇ ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜಿದೆ. ಹಾವೇರಿ ಹತ್ತಿರದ ದೇವಿಹೊಸೂರಿನಲ್ಲಿ ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ಆಹಾರ ತಂತ್ರಜ್ಞಾನ ಕಾಲೇಜಿದೆ. ದೇವಗಿರಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಬಿಎಸ್ಸಿ ಅಗ್ರಿ ಸೀಟಿಗೆ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ ಗುರುತಿಸೋದು, ಸಲಕರಣೆ ಗುರುತಿಸೋದು. ಹೊಲದಲ್ಲಿ ಬೆಳೆದ ಹುಡುಗಿಗೆ ಅದಕ್ಕಿಂತ ಸುಲಭದ ಪರೀಕ್ಷೆ ಯಾವುದಿದೆ?

ಹಾಗಂತ ರೈತನ ಮಗ ಕೃಷಿಯನ್ನೇ ಓದಬೇಕು ಅನ್ನೋದೂ ತಪ್ಪು. ಅದು ಇನ್ನೊಂದು ಥರದ ಬೇಲಿ. ಅಪ್ಪನ ಹೊಲದ ಕಷ್ಟ ನೋಡಿ ಆ ಕಡೆ ತಲೆ ಹಾಕಲ್ಲ ಅನ್ನುವ ಹುಡುಗನಿಗೆ ಹಾಗೆ ಹೇಳುವ ಹಕ್ಕಿದೆ. ನಾನು ಹೇಳೋದು ಇಷ್ಟೇ. ಬೇಡ ಅನ್ನೋದಾದ್ರೆ ಗೊತ್ತಿದ್ದು ಬೇಡ ಅನ್ನಲಿ. ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಇಂಥ ಕೋರ್ಸ್ ಇದೆ ಅಂತಲೇ ಗೊತ್ತಿಲ್ಲದೆ ಬೇಡ ಅನ್ನೋದು ಆಯ್ಕೆ ಅಲ್ಲ.

ಈಗ ಒಂದು ನೋವಿನ ಮಾತು.

2022ರ ಮಾರ್ಚ್ 1. ಉಕ್ರೇನ್‌ನ ಖಾರ್ಕಿವ್ ನಗರ. ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್, ಎಂಬಿಬಿಎಸ್ ಓದುತ್ತಿದ್ದ ಹುಡುಗ, ಯುದ್ಧದಲ್ಲಿ ಜೀವ ಕಳೆದುಕೊಂಡ. ಪಿಯುಸಿಯಲ್ಲಿ 97 ಪರ್ಸೆಂಟ್ ಬಂದರೂ ಇಲ್ಲಿ ಸೀಟು ಸಿಗಲಿಲ್ಲ ಅಂತ ಅವನ ತಂದೆ ಅವತ್ತು ಮಾಧ್ಯಮದ ಮುಂದೆ ಹೇಳಿದರು. ಅಷ್ಟು ನೋವಿನಲ್ಲೂ ಆ ಕುಟುಂಬ ಮಗನ ದೇಹವನ್ನು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಮಾಡಿತು. ಬೇರೆಯವರ ಮಕ್ಕಳು ಕಲಿಯಲಿ ಅಂತ. ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಮೊದಲ ಬ್ಯಾಚ್ ಬಂದಿದ್ದು 2022-23ರಲ್ಲಿ. ಜಿಲ್ಲೆ ಆಗಿದ್ದು 1997ರಲ್ಲಿ. ಕಾಲು ಶತಮಾನ!

ಆ ಹುಡುಗ ಆರಿಸಿಕೊಂಡಿದ್ದರಲ್ಲಿ ಯಾವ ತಪ್ಪೂ ಇರಲಿಲ್ಲ. ಡಾಕ್ಟರ್ ಆಗಬೇಕು ಅಂತ ನಿಜವಾಗಿ ಬಯಸಿದ್ದ. ನಾವು ಮಕ್ಕಳಿಗೆ "ಸರಿಯಾಗಿ ಆರಿಸ್ಕೋ" ಅಂತ ಬುದ್ಧಿ ಹೇಳ್ತೀವಿ. ಆರಿಸಿಕೊಳ್ಳಲು ಮುಂದೆ ಏನಾದ್ರೂ ಇಟ್ಟಿದ್ದೀವಾ ಅಂತ ಸರ್ಕಾರ ತನ್ನನ್ನು ತಾನು ಕೇಳಿಕೊಳ್ಳಬೇಕು. ಪದವಿ ಕಾಲೇಜಿನ ಸ್ಥಿತಿ ನೋಡಿ. 2021ರಲ್ಲಿ ಎನ್‌ಇಪಿ ಅಂದ್ರು, ನಾಲ್ಕು ವರ್ಷದ ಡಿಗ್ರಿ ಅಂದ್ರು. 2024ರಲ್ಲಿ ಮತ್ತೆ ಮೂರು ವರ್ಷ ಅಂದ್ರು. 2023ರಲ್ಲಿ ಶುರುವಾದ ಹಾವೇರಿ ವಿಶ್ವವಿದ್ಯಾಲಯ ಇರಬೇಕಾ ಬೇಡವಾ ಅಂತ 2025ರಲ್ಲಿ ಚರ್ಚೆ ಎದ್ದಿತು. ಹದಿನೆಂಟು ವರ್ಷದ ಹುಡುಗಿಗೆ ದೃಢ ನಿರ್ಧಾರ ತಗೋ ಅಂತ ಹೇಳುವ ದೊಡ್ಡವರು ಮೊದಲು ತಾವು ಒಂದು ನಿರ್ಧಾರದ ಮೇಲೆ ನಿಲ್ಲಲಿ.

ಹುಡುಗಿ ಅಂದೆ. ಅಲ್ಲೊಂದು ವಿಚಾರ ಇದೆ, ಕೋಪ ಮಾಡ್ಕೋಬೇಡಿ. ಮಗನಿಗೆ ರ‍್ಯಾಂಕ್ ಬಂದಿಲ್ಲ ಅಂದ್ರೆ ಎರಡು ಎಕರೆ ಮಾರಿ ಮ್ಯಾನೇಜ್‌ಮೆಂಟ್ ಸೀಟು ತಗೊಳ್ತೀರಿ. ಮಗಳಿಗೆ ಒಳ್ಳೆ ರ‍್ಯಾಂಕ್ ಬಂದು ಧಾರವಾಡದಲ್ಲೋ ಬೆಂಗಳೂರಲ್ಲೋ ಮೆರಿಟ್ ಸೀಟು ಸಿಕ್ಕರೆ, "ಹೆಣ್ಣುಹುಡುಗಿ, ಹಾಸ್ಟೆಲ್ ಬ್ಯಾಡ, ಇಲ್ಲೇ ಯಾವ್ದರ ಡಿಗ್ರಿ ಮಾಡ್ಲಿ" ಅಂತೀರಿ. ಯಾವ್ದರ ಡಿಗ್ರಿ! ಆ "ಯಾವ್ದರ" ಅನ್ನೋದರೊಳಗೆ ಒಂದು ಜೀವನ ಇದೆ. ಊರಲ್ಲೇ ಓದೋದು ಕಡಿಮೆ ಅಂತ ನಾನು ಹೇಳೋದಿಲ್ಲ. ಆದರೆ ಊರಲ್ಲಿ ಓದೋದಾದ್ರೂ ಯಾವ ವಿಷಯ ಅಂತ ಅವಳನ್ನು ಕೇಳಿ. ಇತಿಹಾಸವೋ, ಗಣಿತವೋ, ಅಕೌಂಟೆನ್ಸಿಯೋ. ಅವಳಿಗೂ ಒಂದು ಆಸೆ ಇರುತ್ತೆ.

ಕೊನೆಗೆ ನಾಲ್ಕು ಕೆಲಸದ ಮಾತು. ಪೆನ್ನು, ಪೇಪರ್ ತಗೊಳ್ಳಿ.

ಒಂದು. ಬ್ರಾಂಚಿನ ಹೆಸರು ನೋಡಿ ಮರುಳಾಗಬೇಡಿ, ಸಿಲಬಸ್ ನೋಡಿ. ವಿಶ್ವವಿದ್ಯಾಲಯಗಳ ವೆಬ್‌ಸೈಟಿನಲ್ಲಿ ಸಿಗುತ್ತೆ. ಮೊದಲ ಎರಡು ವರ್ಷದ ಸಬ್ಜೆಕ್ಟುಗಳ ಪಟ್ಟಿಯನ್ನು ಮಗ ಜೋರಾಗಿ ಓದಲಿ, ನೀವು ಅವನ ಮುಖ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಎರಡು. ಆಪ್ಷನ್ ಎಂಟ್ರಿಯನ್ನು ಸೈಬರ್ ಸೆಂಟರ್ ಹುಡುಗನ ಕೈಗೆ ಬಿಡಬೇಡಿ. ಟೈಪ್ ಅವನು ಮಾಡಲಿ, ಪಟ್ಟಿ ನಿಮ್ಮದಾಗಿರಲಿ. ಮೊದಲು ರಾತ್ರಿ ಮನೆಯಲ್ಲಿ ಕಾಗದದ ಮೇಲೆ ಬರೀರಿ. ನಿಜವಾಗಿ ಏನು ಬೇಕೋ ಅದನ್ನೇ ಮೇಲೆ ಹಾಕಿ. ಮೇಲಿನದು ಸಿಕ್ಕರೆ ಅದರ ಕೆಳಗಿನವು ತಾನಾಗೇ ಹೋಗುತ್ತವೆ. ಸಿಕ್ಕರೂ ಹೋಗಲ್ಲ ಅನ್ನುವ ಕಾಲೇಜನ್ನು ಪಟ್ಟಿಗೆ ಹಾಕಲೇಬೇಡಿ. ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡಿ.

ಮೂರು. ಒಂದು ವರ್ಷದ ಫೀಸು ಮಾತ್ರ ಲೆಕ್ಕ ಹಾಕಬೇಡಿ. ನಾಲ್ಕು ವರ್ಷದ ಫೀಸು, ಹಾಸ್ಟೆಲ್, ಊಟ, ಬಸ್ಸು, ಎಲ್ಲ ಕೂಡಿಸಿ. ಆಮೇಲೆ ನಿಮಗೆ ಬರಬೇಕಾದ್ದು ಏನಿದೆ ನೋಡಿ. ಹಳ್ಳಿಯಲ್ಲಿ ಒಂದರಿಂದ ಹತ್ತನೇ ಕ್ಲಾಸ್ ಓದಿದವರಿಗೆ ಗ್ರಾಮೀಣ ಮೀಸಲಾತಿ 15 ಪರ್ಸೆಂಟ್, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಪರ್ಸೆಂಟ್. ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಒ ಸಹಿ ಬೇಕು. ಕೊನೆ ದಿನ ಕಚೇರಿ ಬಾಗಿಲಿಗೆ ಓಡಬೇಡಿ. ಆದಾಯ ಕಡಿಮೆ ಇರುವವರಿಗೆ ಎಸ್‌ಎನ್‌ಕ್ಯೂ ಸೀಟುಗಳಲ್ಲಿ ಬೋಧನಾ ಶುಲ್ಕದ ವಿನಾಯಿತಿ ಇದೆ, ಅದನ್ನೂ ಕೇಳಿ.

ನಾಲ್ಕು. ಮದುವೆ ಮನೆಯಲ್ಲಿ ಸಿಕ್ಕ ಸಂಬಂಧಿಕರ ಸಲಹೆ ಸಾಕು. ಆ ವಿಷಯ ಓದಿ ಐದು ವರ್ಷ ಆಗಿರುವ ಒಬ್ಬರನ್ನು ಹುಡುಕಿ. ನಿಮ್ಮ ತಾಲ್ಲೂಕಿನಲ್ಲೇ ಸಿಗ್ತಾರೆ. ದಿನಾ ಬೆಳಗ್ಗೆ ಎದ್ದು ಏನು ಕೆಲಸ ಮಾಡ್ತೀರಿ ಅಂತ ಕೇಳಿ. ಸಂಬಳ ಎಷ್ಟು ಅನ್ನೋದನ್ನು ಎರಡನೇ ಪ್ರಶ್ನೆಯಾಗಿ ಕೇಳಿ.

ಇಷ್ಟೆಲ್ಲ ಮಾಡಿ ಆರಿಸಿದ ಮೇಲೂ ಒಂದು ವರ್ಷ ಕಳೆದು ಮಗು "ಅಪ್ಪಾ, ನನಗಿದು ಆಗ್ತಿಲ್ಲ" ಅಂತ ಬಂದರೆ? ಬೈಯಬೇಡಿ. ಕೂತು ಕೇಳಿ. ಒಂದು ವರ್ಷ ಹೋದರೆ ಹೋಯ್ತು. ಬೆಳೆ ಕೈಕೊಟ್ಟ ವರ್ಷಗಳನ್ನು ನೀವು ಎಷ್ಟು ದಾಟಿ ಬಂದಿಲ್ಲ? ಮಗುವಿಗೆ ಮನೆ ಬಾಗಿಲು ತೆರೆದಿದೆ ಅಂತ ಗೊತ್ತಿದ್ದರೆ ಸಾಕು, ದಾರಿ ಅದೇ ಹುಡುಕಿಕೊಳ್ಳುತ್ತೆ.

ಹಾಗಾಗಿ ಮುಂದಿನ ಸಲ ಫೋನ್ ಮಾಡಿದಾಗ ಯಾವುದಕ್ಕೆ ಸ್ಕೋಪ್ ಐತಿ ಅಂತ ನನ್ನನ್ನು ಕೇಳಬೇಡಿ. ನಿಮ್ಮ ಮಗಳಿಗೆ ಏನು ಹಿಡಿಸುತ್ತೆ, ಅದಕ್ಕೆ ಎಲ್ಲಿ ಸೀಟಿದೆ, ಎಷ್ಟು ಖರ್ಚಾಗುತ್ತೆ ಅಂತ ಕೇಳಿ. ಅದಕ್ಕೆ ಉತ್ತರ ಹುಡುಕಿಕೊಡೋದು ನಮ್ಮ ಕೆಲಸ. ಮೊದಲನೇ ಪ್ರಶ್ನೆಗೆ ಮಾತ್ರ ಉತ್ತರ ನಿಮ್ಮ ಪಕ್ಕದಲ್ಲೇ ಕೂತು ಟಿವಿ ನೋಡ್ತಿದೆ. ಈಗ ಜಾಹೀರಾತು ಬರುತ್ತೆ. ಟಿವಿ ಸದ್ದು ಕಡಿಮೆ ಮಾಡಿ, ಆ ಕಡೆ ತಿರುಗಿ ಕೇಳಿ.